ಲೈನ್ ಮನೆಯ ಮಗುವಿಗೆ ಖಾಸಗಿ ಶಾಲೆ: ದಾಖಲಾತಿಗೆ ನೆರವಾಗುವವರು ತಿಳಿದಿರಬೇಕಾದದ್ದು

ಚಿಕ್ಕಮಗಳೂರು ಜಿಲ್ಲೆಯ ಹಲವು ಖಾಸಗಿ ಶಾಲೆಗಳು ಮುಂದಿನ ಸಾಲಿನ ಅರ್ಜಿ ಕೊಡಲು ಆರಂಭಿಸುವುದು ಕಾಫಿ ಕೊಯ್ಲಿನ ದಿನಗಳಲ್ಲೇ. ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿದ ಮನೆಗಳಲ್ಲಿ, ಇರುವವರಿಗೆ ಆಗ ಪೇಟೆಗೆ ಹೋಗುವುದೆಂದರೆ ಆ ದಿನದ ಕೂಲಿ ಕಳೆದುಕೊಳ್ಳುವುದು. ಆದ್ದರಿಂದ ನೆರವಿಗೆ ನಿಂತ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಅಥವಾ ಓದಿಕೊಂಡ ನೆಂಟರು ಅರ್ಜಿಯ ಕೊನೆಯ ದಿನ ಮತ್ತು ಬೇಕಾದ ದಾಖಲೆಗಳನ್ನು ತಾವೇ ಮೊದಲು ವಿಚಾರಿಸಿ, ತಂದೆತಾಯಿಯ ಓಡಾಟ ಒಂದೇ ಸಲಕ್ಕೆ ಮುಗಿಯುವಂತೆ ನೋಡಿಕೊಳ್ಳಬೇಕು. ಜನನ ಪ್ರಮಾಣಪತ್ರ ಇಲ್ಲವೆಂಬ ಒಂದೇ ಕಾರಣಕ್ಕೆ ದಾಖಲಾತಿ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ.

ಆರ್‌ಟಿಇ, ಅಂದರೆ ಇದೇ ಶಿಕ್ಷಣ ಹಕ್ಕು ಕಾಯ್ದೆಯಡಿಯ ಉಚಿತ ಸೀಟಿನ ಆಸೆಯನ್ನು ಸುಮ್ಮನೆ ಹುಟ್ಟಿಸಬಾರದು. ಖಾಸಗಿ ಶಾಲೆಗಳಲ್ಲಿ ದುರ್ಬಲ ಹಾಗೂ ಅವಕಾಶವಂಚಿತ ವರ್ಗದ ಮಕ್ಕಳಿಗೆ ಕಾಯ್ದೆಯಲ್ಲಿ ಶೇಕಡಾ 25ರ ಮೀಸಲು ಇದ್ದರೂ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಗೆ ಅದು ಅನ್ವಯಿಸದಂತೆ ಕರ್ನಾಟಕ ತನ್ನ ನಿಯಮವನ್ನು ತಿದ್ದಿದೆ. 2019ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿದಿದೆ. ಈ ವಿಷಯವನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಓ) ಕಚೇರಿಯಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಕುಟುಂಬದೊಡನೆ ಮಾತನಾಡಿ.

ಫೀಸು ಎಷ್ಟು ಎಂದು ಕೇಳಿದರೆ ಸಾಲದು. ಪುಸ್ತಕ, ಸಮವಸ್ತ್ರ, ಶೂ, ವ್ಯಾನು, ವಾರ್ಷಿಕೋತ್ಸವದ ವೇಷದವರೆಗಿನ ಖರ್ಚನ್ನೂ ಸೇರಿಸಿ ವರ್ಷದ ಮೊತ್ತವನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಜೂನ್‌ನಲ್ಲಿ ಇಡೀ ಹಣ ಕಟ್ಟುವುದು ಈ ಮನೆಗಳಿಗೆ ಬಹಳ ಕಷ್ಟ, ಏಕೆಂದರೆ ಕೈಯಲ್ಲಿ ನಾಲ್ಕು ಕಾಸು ಓಡಾಡುವುದು ಕೊಯ್ಲಿನಲ್ಲಿ. ದೊಡ್ಡ ಕಂತನ್ನು ಜನವರಿ, ಫೆಬ್ರವರಿಗೆ ಇಟ್ಟುಕೊಡಿ ಎಂದು ಲಿಖಿತವಾಗಿ ಕೇಳುವುದರಲ್ಲಿ ಸಂಕೋಚ ಬೇಡ. ವ್ಯಾನು ಡಾಂಬರು ರಸ್ತೆಯಲ್ಲೇ ನಿಲ್ಲುತ್ತದೆಯೋ ಲೈನಿನವರೆಗೂ ಬರುತ್ತದೆಯೋ ಎಂಬುದನ್ನೂ ಕೇಳಿ. ಆಷಾಢದ ಮಳೆಯಲ್ಲಿ ಜಿಗಣೆ ತುಂಬಿದ ತೋಟದ ದಾರಿಯಲ್ಲಿ ನಡೆಯಬೇಕಾದದ್ದು ಐದಾರು ವರ್ಷದ ಮಗು. ಲೆಕ್ಕ ಹೊಂದದಿದ್ದರೆ ಹತ್ತಿರದ ಸರ್ಕಾರಿ ಶಾಲೆಯನ್ನು ಸೋಲೆಂಬಂತೆ ಅಲ್ಲ, ಒಳ್ಳೆಯ ಆಯ್ಕೆಯಾಗಿಯೇ ಮುಂದಿಡಿ.

ಮಗುವಿಗೆ ಇಂಗ್ಲಿಷಿನಲ್ಲಿ ಬಣ್ಣಗಳ ಹೆಸರು ಕೇಳಿ, ತಂದೆತಾಯಿಯ ಓದನ್ನು ವಿಚಾರಿಸಿ ಸೀಟು ನಿರ್ಧರಿಸುವುದು 13ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಮೊದಲ ತಪ್ಪಿಗೆ 25,000 ರೂಪಾಯಿವರೆಗೆ, ನಂತರದ ಪ್ರತಿ ತಪ್ಪಿಗೆ 50,000 ರೂಪಾಯಿವರೆಗೆ ದಂಡವಿದೆ. ವಂತಿಗೆಗೂ ಅದೇ ಸೆಕ್ಷನ್ ತಡೆ ಹಾಕಿದೆ. ಹಾಗೆ ನಡೆದರೆ ಜಗಳಕ್ಕಿಳಿಯದೆ, ದಿನಾಂಕ ಸಹಿತ ಬಿಇಓ ಅವರಿಗೆ ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ. ಮುಖ್ಯೋಪಾಧ್ಯಾಯರ ಎದುರಿನ ಕುರ್ಚಿಯಲ್ಲಿ ತಾಯಿ ಕೂರಲಿ, ನೀವು ಪಕ್ಕದಲ್ಲಿರಿ. ಆಕೆಯ ಪರವಾಗಿ ನೀವೇ ಎಲ್ಲವನ್ನೂ ಮಾತನಾಡಿದರೆ ಶಾಲೆ ಮುಂದೆಯೂ ಆಕೆಯನ್ನು ಬಿಟ್ಟು ನಿಮ್ಮನ್ನೇ ಹುಡುಕುತ್ತದೆ.

ಸೀಟು ಸಿಕ್ಕ ಮೇಲಿನ ಮಾತು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಮನೆಯಲ್ಲಿ ತುಳು, ತಮಿಳು ಅಥವಾ ಅಸ್ಸಾಮಿ ಆಡುವ ಮಗು ತರಗತಿಯಲ್ಲಿ ಬಾಯಿ ಬಿಟ್ಟರೆ ದಂಡ ಕಟ್ಟಿಸುವ ಪದ್ಧತಿ ಇದೆಯೇ, ಫೀಸು ಬಾಕಿಯಿರುವ ಮಕ್ಕಳನ್ನು ಎಲ್ಲರೆದುರು ಎದ್ದು ನಿಲ್ಲಿಸುತ್ತಾರೆಯೇ ಎಂದು ನೇರವಾಗಿ ಕೇಳಿ. ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನು 17ನೇ ಸೆಕ್ಷನ್ ನಿಷೇಧಿಸುತ್ತದೆ. ಬಾಕಿಯ ವಿಷಯವನ್ನು ಪೋಷಕರಿಗೆ ಮಾತ್ರ ಫೋನಿನಲ್ಲಿ ತಿಳಿಸುವಂತೆ, ವಾಟ್ಸಾಪ್ ಸೂಚನೆಗಳನ್ನು ಕನ್ನಡದಲ್ಲೂ ಕಳಿಸುವಂತೆ, ಪೋಷಕರ ಸಭೆಯನ್ನು ತೋಟದ ವಾರದ ರಜೆಯ ದಿನ ಇಡುವಂತೆ ವಿನಂತಿಸಿ. ಮೊದಲ ಸಭೆಗೆ ತಾಯಿಯೊಡನೆ ಹೋಗಿ, ತರಗತಿ ಶಿಕ್ಷಕಿಯ ನಂಬರನ್ನು ಆಕೆಯ ಫೋನಿನಲ್ಲೇ ಉಳಿಸಿಕೊಡಿ. ಎರಡನೆಯ ಸಭೆಗೆ ಆಕೆ ಒಬ್ಬಳೇ ಹೋಗಿಬರಲಿ.