ಚಾಕಿ ಕೊಠಡಿಯ ನೆಲ ಬಿಸಿ ಮಾಡಿದ ಲೆಕ್ಕ: ನನ್ನ ಅನುಭವ

ಮನೆಗೆ ಹೊಂದಿಕೊಂಡಿರುವ ಚಾಕಿ ಕೊಠಡಿಯ, ಅಂದರೆ ರೇಷ್ಮೆಯ ಎಳೆಹುಳು ಸಾಕುವ ಕೋಣೆಯ, ನೆಲದಡಿ ಹೀಟಿಂಗ್ ಕೇಬಲ್ ಹಾಸುತ್ತೇನೆ ಎಂದಾಗ ಮಳವಳ್ಳಿ ಕಡೆಯ ನಮ್ಮ ಸಾಕಣೆದಾರರಲ್ಲಿ ನಕ್ಕವರೇ ಹೆಚ್ಚು. "ಬಿಲ್ ಕಟ್ಟೋಕೆ ವರ್ಷಕ್ಕೊಂದು ಹಸ ಮಾರ್ಬೇಕಾಯ್ತದೆ ಕಣಣ್ಣ" ಎಂದು ಪಕ್ಕದ ಜಮೀನಿನವನು ಲೇವಡಿ ಮಾಡಿದ್ದ. ಹಸು ಕೊಟ್ಟಿಗೆಯಲ್ಲೇ ಇದೆ. ಕಳೆದ ಚಳಿಗಾಲದಲ್ಲಿ ಅವನೇ ಬಂದು ತನ್ನ ಕೊಠಡಿಗೆ ಎಷ್ಟು ಮೀಟರ್ ಕೇಬಲ್ ಬೇಕಾದೀತು ಎಂದು ಕೇಳಿಕೊಂಡು ಹೋಗಿದ್ದಾನೆ.

ಮೊದಲ ಎರಡು ಜ್ವರದವರೆಗೆ (ಹುಳು ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತೇವೆ) ಹುಳುವಿಗೆ 27ರಿಂದ 28 ಡಿಗ್ರಿ ಶಾಖ, ಶೇಕಡಾ 85ರಿಂದ 90ರಷ್ಟು ತೇವಾಂಶ ಬೇಕೆಂಬುದನ್ನು ಚಾಕಿ ಮಾಡುವವರಿಗೆ ಹೇಳಬೇಕಾಗಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ ನಮ್ಮಲ್ಲಿ ಹೊರಗಿನ ಗಾಳಿ 16ಕ್ಕೆ ಇಳಿಯುತ್ತದೆ. ಇದಕ್ಕೆ ಮೊದಲು ಇದ್ದಿಲಿನ ಒಲೆ ಇಡುತ್ತಿದ್ದೆ. ರಾತ್ರಿಯೊಂದಕ್ಕೆ ಐದಾರು ಕಿಲೋ ಇದ್ದಿಲು ಉರಿದು ಸುಮಾರು 200 ರೂಪಾಯಿ ಬೂದಿಯಾಗುತ್ತಿತ್ತು, ಹೊಗೆಗೆ ಹುಳು ಸೊಪ್ಪು ಬಿಡುತ್ತಿತ್ತು, ಬಾಗಿಲು ಮುಚ್ಚಿದ ಕೊಠಡಿಯಲ್ಲಿ ನಿದ್ದೆಗೆಟ್ಟು ಕಾಯುವವರ ಜೀವಕ್ಕೂ ಅದು ಅಪಾಯ. ಆಮೇಲೆ 200 ವ್ಯಾಟಿನ ಬಲ್ಬುಗಳನ್ನು ಸಾಲಾಗಿ ಕಟ್ಟಿದೆ. ಬಲ್ಬಿನ ಎದುರಿನ ಟ್ರೇಗಳು ಮಾತ್ರ ಬೆಚ್ಚಗಾದವು. ಮೂರನೆಯದು ಎರಡು ಕಿಲೋವ್ಯಾಟಿನ ಬ್ಲೋವರ್ ಹೀಟರ್. ಅದು ದಿನಕ್ಕೆ 25 ಯೂನಿಟ್‌ಗೂ ಹೆಚ್ಚು ನುಂಗಿದ್ದಲ್ಲದೆ, ಹೆಚ್ಚಿದ ಸೊಪ್ಪನ್ನು ಮೇಣದ ಕಾಗದದ ಅಡಿಯಲ್ಲೇ ಬಾಡಿಸಿತು. ಅಟ್ಟಿಯ ಮೇಲಿನ ಟ್ರೇಗೂ ತಳದ ಟ್ರೇಗೂ ನಾಲ್ಕೈದು ಡಿಗ್ರಿ ವ್ಯತ್ಯಾಸವಿದ್ದುದರಿಂದ ಮೇಲಿನ ಹುಳು ಜ್ವರ ಎದ್ದು ಸೊಪ್ಪಿಗೆ ಕಾಯುತ್ತಿದ್ದರೆ, ತಳದವು ಇನ್ನೂ ಜ್ವರಕ್ಕೇ ಕೂತಿರುತ್ತಿರಲಿಲ್ಲ. ಅಂಥ ಚಾಕಿ ಹುಳುವನ್ನು ರೈತರಿಗೆ ಕೊಟ್ಟು ಬೈಸಿಕೊಂಡು, ದುಡ್ಡು ವಾಪಸು ಮಾಡಿದ ಪ್ರಸಂಗಗಳೂ ಇವೆ.

ಕೊಠಡಿ 12 ಅಡಿಗೆ 15 ಅಡಿ. ಹಳೆಯ ನೆಲದ ಮೇಲೆ ಎರಡು ಇಂಚಿನ ಎಕ್ಸ್‌ಪಿಎಸ್ ಹಲಗೆ (ಶಾಖ ಕೆಳಗಿಳಿಯದಂತೆ ತಡೆಯುವ ಗಟ್ಟಿ ಫೋಮ್), ಅದರ ಮೇಲೆ ಜಾಲರಿ, ಜಾಲರಿಗೆ ಕಟ್ಟಿದ ಕೇಬಲ್, ಮೇಲೆ ಎರಡು ಇಂಚು ಕಾಂಕ್ರೀಟ್. ಕೇಬಲ್ ಒಟ್ಟು 1,200 ವ್ಯಾಟಿನದು. ಕಾಂಕ್ರೀಟ್ ಹಾಕುವ ಮೊದಲು, ಹಾಕುವಾಗ, ಹಾಕಿದ ಮೇಲೆ ಮೆಗ್ಗರ್ (ಕೇಬಲಿನ ಹೊದಿಕೆ ಕೆಟ್ಟಿದೆಯೇ ಎಂದು ನೋಡುವ ಮೀಟರ್) ಹಿಡಿಸಿದೆ. ಸಲಿಕೆಯ ಏಟು ಒಂದು ಬಿದ್ದರೂ ನೆಲವನ್ನೇ ಅಗೆಯಬೇಕಾಗುತ್ತದೆ. ನೀರು ಚೆಲ್ಲುವ ಕೊಠಡಿಯಾದ್ದರಿಂದ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಮತ್ತು ಸರಿಯಾದ ಅರ್ತಿಂಗ್ ಇಲ್ಲದೆ ಯಾರೂ ಈ ಕೆಲಸಕ್ಕೆ ಕೈಹಾಕಬಾರದು. ಕೇಬಲ್, ಥರ್ಮೋಸ್ಟಾಟ್, ಹಲಗೆ, ಗಾರೆ ಕೂಲಿ ಎಲ್ಲ ಸೇರಿ ಐವತ್ತೈದು ಸಾವಿರದ ಆಸುಪಾಸು ಖರ್ಚಾಯಿತು.

ಎಕ್ಸ್‌ಪಿಎಸ್ ದುಬಾರಿಯೆನಿಸಿ, ಮೊದಲು ಹಿತ್ತಿಲಲ್ಲಿ ಪಕ್ಕಪಕ್ಕದಲ್ಲೇ ಮೂರು ತುಂಡು ನೆಲ ಮಾಡಿ ನೋಡಿದ್ದೆ. ಒಂದಕ್ಕೆ ಅಡಿಯಲ್ಲಿ ಏನೂ ಇಲ್ಲ, ಇನ್ನೊಂದಕ್ಕೆ ಅಕ್ಕಿ ಗಿರಣಿಯಿಂದ ತಂದ ಭತ್ತದ ಹೊಟ್ಟು, ಮತ್ತೊಂದಕ್ಕೆ ಎಕ್ಸ್‌ಪಿಎಸ್. ಏನೂ ಇಲ್ಲದ ತುಂಡು ಭೂಮಿಯನ್ನು ಕಾಯಿಸಿತೇ ಹೊರತು ಮೇಲ್ಮೈ ಬಿಸಿಯೇರಲು ಅರ್ಧ ದಿನ ಹಿಡಿಯಿತು. ಹೊಟ್ಟು ಆರಂಭದಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು, ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತೇವ ಕುಡಿದು ಕುಸಿಯಿತು, ಗೆದ್ದಲೂ ಬಂತು. ಪುಕ್ಕಟೆಯಾಗಿ ಸಿಗುತ್ತದೆಂದು ಹೊಟ್ಟಿನ ಆಸೆಗೆ ಬೀಳಬೇಡಿ.

ಬಿಲ್ಲಿನ ವಿಷಯದಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಒಂದು ಯೂನಿಟ್ ವಿದ್ಯುತ್ತಿನಿಂದ ಬರುವುದು 860 ಕಿಲೋಕ್ಯಾಲೊರಿ ಶಾಖ ಮಾತ್ರ. ಅದು ಬಲ್ಬಿನಿಂದ ಬಂದರೂ ಬ್ಲೋವರಿನಿಂದ ಬಂದರೂ ನೆಲದಿಂದ ಬಂದರೂ ಅಷ್ಟೇ. ಕೇಬಲ್ ಮಾರುವವರು ಅರ್ಧಕ್ಕರ್ಧ ಉಳಿತಾಯ ಎನ್ನುವುದನ್ನು ನಾನು ನಂಬುವುದಿಲ್ಲ. ನನ್ನ ಬಿಲ್ ಇಳಿದದ್ದು ಆರ್‌ಸಿಸಿ ಚಾವಣಿಯ ಕೆಳಗೆ ಥರ್ಮೋಕೋಲ್ ಹಲಗೆ ಕಟ್ಟಿ, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹಾಕಿದ ಮೇಲೆ. ಇದನ್ನು ಖಚಿತಪಡಿಸಿಕೊಳ್ಳಲೆಂದೇ, ಅದೇ ಕೊಠಡಿಯಲ್ಲಿ ಒಂದು ಬೆಳೆಯನ್ನು (ಒಂದು ಸಲದ ಹುಳುವನ್ನು) ನೆಲದ ಕರೆಂಟ್ ಆರಿಸಿ ಹಳೆಯ ಬ್ಲೋವರಿನಲ್ಲೇ ಮಾಡಿದೆ: ಯೂನಿಟ್ ಲೆಕ್ಕ ಹೆಚ್ಚುಕಡಿಮೆ ನೆಲದಷ್ಟೇ ಬಂತು, ಆದರೆ ಅಟ್ಟಿಯ ಮೇಲು ಕೆಳಗಿನ ವ್ಯತ್ಯಾಸವೂ ಸೊಪ್ಪು ಬಾಡುವುದೂ ಹಾಗೆಯೇ ಉಳಿದವು. ನೆಲ ಬಿಸಿಯಿದ್ದಾಗ ಆ ವ್ಯತ್ಯಾಸ ಒಂದೂವರೆ ಡಿಗ್ರಿ ದಾಟುವುದಿಲ್ಲ. ಐವತ್ತೈದು ಸಾವಿರ ಕೊಟ್ಟು ನಾನು ಕೊಂಡದ್ದು ಈ ಸಮಶಾಖವನ್ನು.

ಈಗ ಕಡುಚಳಿಯಲ್ಲಿ ದಿನಕ್ಕೆ ಹತ್ತರಿಂದ ಹನ್ನೆರಡು ಯೂನಿಟ್ ಹೋಗುತ್ತದೆ. ನಿಗದಿತ ಶುಲ್ಕ, ತೆರಿಗೆ ಸೇರಿಸಿ ಯೂನಿಟ್ಟಿಗೆ ಏಳು ರೂಪಾಯಿಯಂತೆ ಹಿಡಿದರೆ, ಚಾಕಿಯ ಒಂದು ವಾರಕ್ಕೆ ಐನೂರು, ಆರುನೂರು ರೂಪಾಯಿ. 1,500 ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನೇ ನಮ್ಮಲ್ಲಿ ಒಂದು ಮೊಟ್ಟೆ ಎನ್ನುತ್ತೇವೆ) ಹಂಚಿದರೆ ನೂರು ಮೊಟ್ಟೆಗೆ ಹೆಚ್ಚೆಂದರೆ 40 ರೂಪಾಯಿ ಬೀಳುತ್ತದೆ. ಮಾರ್ಚ್ ಬಂದ ಮೇಲೆ ರಾತ್ರಿ ಮಾತ್ರ ಅಲ್ಪಸ್ವಲ್ಪ ಓಡುತ್ತದೆ, ಏಪ್ರಿಲ್, ಮೇ ತಿಂಗಳಲ್ಲಿ ಮುಟ್ಟುವುದೇ ಇಲ್ಲ. ಮನೆಯ ಮೀಟರಿನಿಂದ ಇದನ್ನು ಎಳೆಯಬೇಡಿ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಗೃಹಜ್ಯೋತಿಯ ಲಾಭ ಹೋಗಿ ಪೂರ್ತಿ ಬಿಲ್ ತಲೆಗೆ ಬರುತ್ತದೆ. ಕೊಠಡಿಗೆ ಬೇರೆ ಮೀಟರ್ ಹಾಕಿಸಿಕೊಂಡಿದ್ದೇನೆ.

ಆ ಹನ್ನೆರಡು ಯೂನಿಟ್‌ಗಳಲ್ಲಿ ಎರಡು, ಮೂರು ಯೂನಿಟ್ ನೀರಿನದು. ಹದಿನಾರು ಡಿಗ್ರಿಯ ಗಾಳಿಯನ್ನು 27ಕ್ಕೆ ಏರಿಸಿದರೆ ತೇವಾಂಶ ಅರ್ಧಕ್ಕಿಳಿಯುತ್ತದೆ. ಅದನ್ನು ತುಂಬಲು ಒಂದು ಲೀಟರ್ ನೀರು ಆವಿಯಾಗಬೇಕಾದರೆ ಮುಕ್ಕಾಲು ಯೂನಿಟ್ಟಿಗೆ ತುಸು ಕಡಿಮೆ ಶಾಖ ಬೇಕು. ನಾನು ಹ್ಯುಮಿಡಿಫೈಯರ್ ಇಟ್ಟಿಲ್ಲ. ಒಗೆದ ಗೋಣಿಚೀಲಗಳನ್ನು ನೆನೆಸಿ ಅಟ್ಟಿಗಳ ನಡುವಿನ ನೆಲದ ಮೇಲೆ ಹಾಸುತ್ತೇನೆ. ಬೆಳಗಿನ ಜಾವ ನಾಲ್ಕಕ್ಕೆ ಹೋಗಿ ನೋಡಿದರೆ ಗೋಣಿಯ ಅಂಚು ಗರಿಗರಿಯಾಗಿ ಒಣಗಿ, ನಡುವೆ ಅಂಗೈಯಷ್ಟು ಜಾಗ ಮಾತ್ರ ಹಸಿಯಾಗಿರುತ್ತದೆ. ಮತ್ತೆ ನೀರು ಚಿಮುಕಿಸುವ ಹೊತ್ತು ಅದೇ. ಜ್ವರಕ್ಕೆ ಕೂತಾಗ ಗೋಣಿ ತೆಗೆದು ಸುಣ್ಣ ಉದುರಿಸಿದರೆ ಮುಗಿಯಿತು, ಹುಳುವಿನ ಹಾಸಿಗೆ ತಾನಾಗಿ ಒಣಗುತ್ತದೆ. ಥರ್ಮೋಸ್ಟಾಟಿನ ಗಾಳಿ ಸೆನ್ಸರನ್ನು ಅಟ್ಟಿಯ ಯಾವ ಎತ್ತರಕ್ಕೆ ಕಟ್ಟಿದ್ದೇನೆ, ಸಂಜೆ ಎಷ್ಟು ಹೊತ್ತಿಗೆ ನೆಲ ಕಾಯಲು ಬಿಡುತ್ತೇನೆ ಎಂಬುದನ್ನು ಮಾತ್ರ ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದನ್ನು ಕಂಡುಕೊಳ್ಳಲು ನನಗೆ ಸಾಕಷ್ಟು ಹುಳು ಖರ್ಚಾಗಿದೆ. ಕಾಂಕ್ರೀಟು ಶಾಖ ಹಿಡಿದಿಟ್ಟುಕೊಳ್ಳುವುದರಿಂದ ಎರಡು ಗಂಟೆ ಕರೆಂಟ್ ಹೋದರೂ ಕೊಠಡಿ ಒಂದೂವರೆ, ಎರಡು ಡಿಗ್ರಿಗಿಂತ ಹೆಚ್ಚು ಇಳಿಯುವುದಿಲ್ಲ ಎಂಬುದಷ್ಟನ್ನು ಹೇಳಬಲ್ಲೆ.

ಈ ಕೇಬಲಿನಲ್ಲೇ ಒಂದು ತುಂಡು ಕತ್ತರಿಸಿ ಅವ್ವನ ಕೋಣೆಗೆ ಹಾಕಿಕೊಡಿ ಎಂದು ಮನೆಯಲ್ಲಿ ಕೇಳಿದರು. ಈ ಕೇಬಲನ್ನು ಕತ್ತರಿಸುವಂತಿಲ್ಲ; ಉದ್ದ ಕಡಿಮೆಯಾದರೆ ರೋಧವೂ ಇಳಿದು ಅತಿಯಾಗಿ ಕಾಯುತ್ತದೆ. ಹಾಗಾಗಿ ಒಂದು ಚದರ ಮೀಟರಿನ ಬೇರೆ ಮ್ಯಾಟ್ ತರಿಸಿ ಆಕೆ ಕಾಲಿಡುವ ಜಾಗದಲ್ಲಿ ಮಾತ್ರ ಹಾಸಿದೆ. ಅದು 120 ವ್ಯಾಟ್. ರಾತ್ರಿ ಆರು ಗಂಟೆ ಓಡಿದರೂ ಮುಕ್ಕಾಲು ಯೂನಿಟ್ ಆಗುವುದಿಲ್ಲ.

ಇದನ್ನೇ ದೊಡ್ಡ ಹುಳುವಿನ ಮನೆಗೂ ಮಾಡಬಹುದೇ ಎಂದು ಹಲವರು ಕೇಳುತ್ತಾರೆ. ನಾನು ಮಾಡುವುದಿಲ್ಲ. ನಾಲ್ಕನೇ ಜ್ವರ ಎದ್ದ ಹುಳುವಿಗೆ 24, 25 ಡಿಗ್ರಿ ಸಾಕು, ಶಾಖಕ್ಕಿಂತ ಗಾಳಿಯಾಟ ಮುಖ್ಯ. ಕಿಟಕಿ ತೆರೆದಿಟ್ಟು ನೆಲ ಕಾಯಿಸಿದರೆ ಪಕ್ಕದ ಜಮೀನಿನವನು ಹೇಳಿದ ಹಸುವಿನ ಲೆಕ್ಕ ಅಲ್ಲಿ ನಿಜವಾಗಿಬಿಡುತ್ತದೆ.