ಕೊರಿಯಾಕ್ಕೆ ಬಂದ ಹೊಸಬರಿಗೆ: ಕಷಾಯದ ಪುಡಿ ಮುಗಿದ ಮೇಲೆ

ಸೋಲ್‌ಗೋ ಸುವೊನ್‌ಗೋ ಬರುವ ನಮ್ಮವರ ಸೂಟ್‌ಕೇಸಲ್ಲಿ ಕಷಾಯದ ಪುಡಿ, ಓಮ, ಇಂಗು, ಅಮೃತಾಂಜನ ಇದ್ದೇ ಇರುತ್ತವೆ. ಖಂಡಿತ ತನ್ನಿ. ಆದರೆ ಅದು ಮುಗಿದ ಮೇಲೆ ಊರಿನ ಪಾರ್ಸಲ್‌ಗೆ ಕಾಯುತ್ತಾ ಕೆಮ್ಮಿಕೊಂಡು ಕೂರಬೇಡಿ. ಇಲ್ಲಿನ ಅಡುಗೆಮನೆಗಳಲ್ಲೂ ಮದ್ದಿದೆ. ನಮ್ಮದಕ್ಕೆ ತುಂಬಾ ಹತ್ತಿರದ್ದೇ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಆರೋಗ್ಯ ವಿಮೆ ಕಡ್ಡಾಯ, ಕೆಲಸಕ್ಕೆ ಬಂದವರಿಗೆ ಕಂಪನಿಯೇ ಮಾಡಿಸುತ್ತದೆ. ಆಂಬುಲೆನ್ಸ್‌ಗೆ 119.

ಈಗ ಹೊಟ್ಟೆಯ ವಿಚಾರ. ತಿಂದದ್ದು ಕರಗದೆ ಎದೆಯ ಹತ್ತಿರವೇ ನಿಂತಂತಾದರೆ ಇಲ್ಲಿನವರು ಮೊದಲು ತೆಗೆಯುವುದು ಮೆಶಿಲ್ ಚಂಗ್ ಬಾಟಲಿ. ಅದು ಹಸಿರು ಪ್ಲಮ್ ಕಾಯಿಯ ಪಾಕ. ಜೂನ್ ಬಂತೆಂದರೆ ಮಾರ್ಕೆಟ್ ತುಂಬಾ ಆ ಕಾಯಿಯ ಚೀಲಗಳು. ನಮ್ಮ ಮಹಡಿಯ ಹಲ್ಮೊನಿ, ಅಂದರೆ ಅಜ್ಜಿ, ಅದನ್ನು ಮಾಡುವಾಗ ಪಕ್ಕದಲ್ಲೇ ಕೂತು ನೋಡಿದ್ದೇನೆ. ಕಾಯಿ ತೊಳೆದು, ತೊಟ್ಟಿನ ತುಣುಕನ್ನು ಟೂತ್‌ಪಿಕ್‌ನಿಂದ ಒಂದೊಂದಾಗಿ ಎಬ್ಬಿಸುತ್ತಾರೆ. ಆಮೇಲೆ ಬಟ್ಟೆ ಮೇಲೆ ಹರವಿ ಒಣಗಿಸುತ್ತಾರೆ. ಮಿಡಿ ಉಪ್ಪಿನಕಾಯಿಗೆ ನಾವು ಹೇಗೋ ಹಾಗೆ, ಒಂದು ಹನಿ ನೀರು ಉಳಿಯಬಾರದು. ಕಾಯಿಯಷ್ಟೇ ತೂಕದ ಸಕ್ಕರೆ. ಗಾಜಿನ ಭರಣಿಯಲ್ಲಿ ಒಂದು ಪದರ ಕಾಯಿ, ಒಂದು ಪದರ ಸಕ್ಕರೆ, ಮೇಲೆ ಕಾಯಿ ಕಾಣದಷ್ಟು ಸಕ್ಕರೆ. ಸುಮಾರು 100 ದಿನ ಬಿಟ್ಟು ಸೋಸುತ್ತಾರೆ. ಬಿಸಿನೀರಿಗೆ ಎರಡು ಚಮಚ ಹಾಕಿ ಕುಡಿದರೆ ಹುಳಿ-ಸಿಹಿ, ಬಾಯಿ ಚುರುಕಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ದೂರ ಇಡಿ. ಹಸಿ ಕಾಯಿಯನ್ನು ಮಾತ್ರ ಯಾರೂ ಕಚ್ಚಬೇಡಿ, ಅದರ ಬೀಜದಲ್ಲಿ ವಿಷವಿದೆ.

ಅಜೀರ್ಣಕ್ಕೆ ಹಿರಿಯರು ಇನ್ನೊಂದು ಮಾಡುತ್ತಾರೆ. ಹೆಬ್ಬೆರಳಿಗೆ ದಾರ ಬಿಗಿದು ಉಗುರಿನ ಬುಡದಲ್ಲಿ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆಯುವುದು. ಪ್ರೀತಿಯಿಂದಲೇ ಕೈ ಹಿಡಿಯುತ್ತಾರೆ. ಆದರೂ ಬೇಡ ಅನ್ನಿ. ಸೂಜಿಯಿಂದ ಸೋಂಕು ತಗುಲಬಹುದು. ಎದೆ ಬಿಗಿದು ಬೆವರು ಬರುತ್ತಿದ್ದರೆ ಅದನ್ನು ಅಜೀರ್ಣ ಅಂತ ಸುಮ್ನೆ ಬಿಡಲೇಬೇಡಿ, 119ಕ್ಕೆ ಫೋನ್ ಮಾಡಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ನೆಗಡಿಗೆ ಶುಂಠಿ ಚಹಾ, ಗೋಹಂಗ್ ಕಡೆಯ ಯೂಜಾ ಎಂಬ ನಿಂಬೆ ಜಾತಿಯ ಹಣ್ಣಿನ ಚಹಾ. ಕೆಮ್ಮಿಗೆ ಪೇರ್ ಹಣ್ಣು. ಅದರ ತಲೆ ಕತ್ತರಿಸಿ, ಒಳಗೆ ತೋಡಿ, ಜೇನು ಮತ್ತು ಡೊರಾಜಿ ಬೇರಿನ ಚೂರು ತುಂಬಿ, ಹಬೆಯಲ್ಲಿ ಮೆತ್ತಗಾಗುವವರೆಗೆ ಬೇಯಿಸುತ್ತಾರೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡವೇ ಬೇಡ. ಮೆಡಿಕಲ್ ಶಾಪಲ್ಲಿ ಸಿಗುವ ಸ್ಸಾಂಗ್‌ಹ್ವಾ ತಾಂಗ್ ಎಂಬ ಗಿಡಮೂಲಿಕೆ ಮದ್ದಿನ ಬಾಟಲಿ ನಮ್ಮ ಕಷಾಯದಷ್ಟೇ ಕಹಿ. ಅದರಲ್ಲಿ ಅತಿಮಧುರ ಇರುವುದರಿಂದ ಬಿಪಿ ಮಾತ್ರೆ ತಗೊಳ್ಳುವವರು ಮೊದಲೇ ಕೇಳಿ.

ಜ್ವರಕ್ಕೆ ಗಂಜಿ. ಇಲ್ಲಿ ಜುಕ್ ಅನ್ನುತ್ತಾರೆ, ಅದಕ್ಕೇ ಬೇರೆ ಹೋಟೆಲ್‌ಗಳಿವೆ. ಸಸ್ಯಾಹಾರಿಗಳು ಸಿಹಿಗುಂಬಳ ಅಥವಾ ಪೈನ್ ಬೀಜದ ಗಂಜಿ ಕೇಳಿ. ನೆಗಡಿಗೆ ಕೊಡುವ ಮೊಳಕೆಕಾಳಿನ ಸಾರಿಗೆ ಒಣ ಮೀನು ಕುದಿಸಿದ ನೀರು ಹಾಕುವುದೇ ಜಾಸ್ತಿ. ಪಕ್ಕದ ಮನೆಯವರು ತಂದುಕೊಟ್ಟಾಗ ಮುಖ ಸಪ್ಪಗೆ ಮಾಡಬೇಡಿ. ಮೀನು ತಿನ್ನಲ್ಲ ಅಂತ ಹೇಳಿದರೆ ಮುಂದಿನ ಸಲ ಅವರೇ ಬಿಟ್ಟು ಮಾಡುತ್ತಾರೆ.

ಇದೆಲ್ಲ ಬರೀ ಅಜ್ಜಿ ಮದ್ದು ಅನ್ನಬೇಡಿ. ಹಿಂದೆ ದೊಡ್ಡ ಪರಂಪರೆಯೇ ಇದೆ. ಹೊ ಜೂನ್ ಎಂಬ ರಾಜವೈದ್ಯರ ‘ಡೊಂಗುಯಿ ಬೊಗಾಮ್’ ಎಂಬ ವೈದ್ಯಗ್ರಂಥ 1613ರಲ್ಲೇ ಅಚ್ಚಾಯಿತು. ಆಯುರ್ವೇದ ಡಾಕ್ಟರುಗಳಂತೆ ಇಲ್ಲಿ ಕೊರಿಯನ್ ವೈದ್ಯ ಓದಿದವರು ಬೇರೆ ಇದ್ದಾರೆ. ಅವರ ಸೂಜಿ ಚಿಕಿತ್ಸೆಗೆ, ಅಂದರೆ ಅಕ್ಯುಪಂಕ್ಚರ್‌ಗೆ, ವಿಮೆಯೂ ಸಿಗುತ್ತದೆ.

ಮಕ್ಕಳ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಂಕಟವಾಗುತ್ತದೆ. ಇಲ್ಲಿನ ಅಮ್ಮಂದಿರು ಮಗುವಿನ ಹೊಟ್ಟೆ ಸವರುತ್ತಾ, ಅಮ್ಮನ ಕೈ ಮದ್ದಿನ ಕೈ ಅಂತ ರಾಗವಾಗಿ ಹೇಳುತ್ತಾರೆ. ನನ್ನ ಮಗಳು ಅದನ್ನು ಬಾಲವಾಡಿಯಲ್ಲಿ ಕಲಿತಳು. ಹೊಟ್ಟೆ ನೋವಾದರೆ ನನ್ನ ಕೈ ಎಳೆದು ಹೊಟ್ಟೆ ಮೇಲಿಟ್ಟು ಕೊರಿಯನ್‌ನಲ್ಲೇ ಹಾಡಿಸುತ್ತಾಳೆ. ಸಂತೋಷವೇ. ಆದರೆ ದೊಡ್ಡಪತ್ರೆ ಎಲೆ ಕೆಂಡದ ಮೇಲೆ ಬಾಡಿಸಿದಾಗ ಬರುವ ವಾಸನೆ ಅವಳಿಗೆ ಗೊತ್ತಿಲ್ಲ. ಬಾಲ್ಕನಿಯಲ್ಲಿಟ್ಟ ಗಿಡ ಇಲ್ಲಿನ ಚಳಿಗಾಲ ತಡೆಯುವುದಿಲ್ಲ. ನೀವು ನವೆಂಬರ್‌ಗೆ ಮೊದಲೇ ಕುಂಡವನ್ನು ಒಳಗೆ ಕಿಟಕಿ ಪಕ್ಕ ಇಟ್ಟುಬಿಡಿ. ಮಕ್ಕಳ ಕೈಯಲ್ಲೇ ಎಲೆ ಕೀಳಿಸಿ.

ಸಾಮಾನಿಗೆ ಸೋಲ್‌ನ ಗ್ಯೊಂಗ್‌ಡೊಂಗ್ ಮಾರ್ಕೆಟ್‌ಗೆ ಹೋಗಿ. ಮೆಟ್ರೋ 1ನೇ ಲೈನ್, ಜೆಗಿ-ಡೊಂಗ್ ಸ್ಟೇಷನ್. ಒಣ ಶುಂಠಿ, ಚಕ್ಕೆ, ಅತಿಮಧುರ, ನಮ್ಮ ಬೋರೆಹಣ್ಣಿನ ಜಾತಿಯ ಡೆಚು ಎಲ್ಲ ಮೂಟೆಗಟ್ಟಲೆ. ಜೀರಿಗೆ, ಕೊತ್ತಂಬರಿ ಬೀಜಕ್ಕೆ ಇಟೆವೊನ್‌ನ ಅಂಗಡಿಗಳು. ನಮ್ಮ ಮನೆ ಕಷಾಯಕ್ಕೆ ಈಗ ಡೆಚು ಬೀಳುತ್ತದೆ, ಅದು ಚೆನ್ನಾಗಿ ಸಿಹಿ ಬಿಡುತ್ತದೆ. ಫೋನಲ್ಲಿ ಹೇಳಿದಾಗ ಅಮ್ಮ ಅದು ಯಾವ ಹಣ್ಣು, ಎಷ್ಟು ಹಾಕ್ತೀಯ ಅಂತೆಲ್ಲ ವಿಚಾರಿಸಿ, “ಹಾಗಾದ್ರೆ ಬೆಲ್ಲ ಕಮ್ಮಿ ಮಾಡು” ಅಂದರು.