ನಕ್ಷೆಯೆಲ್ಲ ಕೆಂಪು: ಥಾರ್ ಮರಳಿನಲ್ಲಿ ನೆಲ ನೋಡಿದ ನನ್ನ ಅನುಭವ

ರಾಜಸ್ಥಾನದ ಜೈಸಲ್ಮೇರ್, ಬಾಡ್ಮೇರ್ ಜಿಲ್ಲೆಗಳಲ್ಲಿ ಹಬ್ಬಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 3,162 ಚದರ ಕಿಲೋಮೀಟರ್. ಸಂರಕ್ಷಿತ ಪ್ರದೇಶವೇ ಆದರೂ ಒಳಗೆ ಹಳ್ಳಿಗಳಿವೆ, ಹೊಲಗಳಿವೆ, ಕುರಿ, ಮೇಕೆ, ಒಂಟೆಗಳಿವೆ. ಇಲ್ಲಿ ಯಾವ ನೆಲ ಹಾಳಾಗುವ ಅಪಾಯದಲ್ಲಿದೆ ಅಂತ ಗುರುತಿಸುವುದು ನನ್ನ ಕೆಲಸವಾಗಿತ್ತು.

ಶುರು ಮಾಡಿದ್ದು ಎಲ್ಲರೂ ಬಳಸುವ ಲೆಕ್ಕದಿಂದ. ಮಣ್ಣು, ಹವೆ, ಸಸ್ಯ, ನೆಲದ ಬಳಕೆ ಈ ನಾಲ್ಕಕ್ಕೂ 1ರಿಂದ 2ರವರೆಗೆ ಅಂಕ ಕೊಡಬೇಕು, ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ನಾಲ್ಕನ್ನೂ ಗುಣಿಸಿ ನಾಲ್ಕನೇ ಮೂಲ ತೆಗೆಯಬೇಕು. 1.38 ಮುಟ್ಟಿದರೆ ಆ ಜಾಗ ತೀವ್ರ ಅಪಾಯದ ಗುಂಪಿಗೆ ಸೇರುತ್ತದೆ. ಆದರೆ ಇದು ಮೆಡಿಟರೇನಿಯನ್ ಸೀಮೆಗೆ ಮಾಡಿದ ಅಳತೆ. ಥಾರ್‌ನ ಈ ಭಾಗದಲ್ಲಿ ವರ್ಷದ ಮಳೆಯೇ ಹೆಚ್ಚುಕಡಿಮೆ 100ರಿಂದ 200 ಮಿಲಿಮೀಟರ್. ಹವೆ, ಮಣ್ಣು ಎರಡೂ ಕೆಟ್ಟ ಅಂಕವನ್ನೇ ತರುತ್ತವೆ, ನಕ್ಷೆ ಪೂರ್ತಿ ಕೆಂಪಾಗುತ್ತದೆ. ಎಲ್ಲವೂ ಕೆಂಪಾದರೆ ಮೊದಲು ಎಲ್ಲಿಗೆ ಹೋಗಬೇಕು ಅಂತ ಕಾವಲಿನವರಿಗೆ ಗೊತ್ತಾಗುವುದಾದರೂ ಹೇಗೆ? ಹಾಗಾಗಿ ಸಸ್ಯ ಮತ್ತು ಬಳಕೆ ಎರಡನ್ನೇ ಜಾಸ್ತಿ ಕೆದಕಿದೆ.

ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ 10 ಮೀಟರ್ ಜಾಗ ಒಂದು ಚುಕ್ಕಿ. ಮಳೆ ಮುಗಿದ ಸೆಪ್ಟೆಂಬರಿನಲ್ಲಿ ಸಜ್ಜೆ ಹೊಲವೂ ಹಸಿರು, ಸೇವಣ ಹುಲ್ಲುಗಾವಲೂ ಹಸಿರು. ಮೇ ತಿಂಗಳಲ್ಲಿ ಎರಡೂ ಬೋಳು. ನೆಲದ ಮೇಲೆ ಮಾತ್ರ ಅಜಗಜಾಂತರ ವ್ಯತ್ಯಾಸ. ಸೇವಣ ಒಣಗಿ ಹುಲ್ಲುಕಡ್ಡಿಯಾದರೂ ಬುಡ ಸಾಯುವುದಿಲ್ಲ. ಒಳ್ಳೆಯ ನೆಲದಲ್ಲಿ ಪ್ರತಿ ಬುಡದ ಈಶಾನ್ಯ ಮಗ್ಗುಲಿಗೆ ಸಣ್ಣ ಮರಳುಗುಪ್ಪೆ ಇರುತ್ತದೆ. ನೈಋತ್ಯದ ಗಾಳಿ ತಂದ ಮರಳನ್ನು ಹುಲ್ಲು ಹಿಡಿದಿದೆ ಅಂತ ಅರ್ಥ. ಕೆಟ್ಟ ನೆಲದಲ್ಲಿ ಸುತ್ತಲ ಮರಳು ಹಾರಿಹೋಗಿ ಬುಡ ದಿಬ್ಬದ ಮೇಲೆ ಕೂತಂತೆ ಎದ್ದು ನಿಂತಿರುತ್ತದೆ, ಬೇರು ಹೊರಗೆ ನೇತಾಡುತ್ತಿರುತ್ತದೆ. ನಾನು ಮಂಡಿಯೂರಿ ನೋಡುತ್ತಿದ್ದುದು ಇದನ್ನೇ. ಎಷ್ಟು ಬುಡಗಳಲ್ಲಿ ಗುಪ್ಪೆ, ಎಷ್ಟರಲ್ಲಿ ಬರೀ ಬೇರು ಅಂತ ಬರೆದುಕೊಂಡರೆ ಸಾಕು, ಯಾವ ಸೂಚ್ಯಂಕವೂ ಕೊಡದ ಉತ್ತರ ಸಿಗುತ್ತದೆ.

ಒಂಟೆಯ ನೇಗಿಲು ಸೇವಣದ ಬುಡ, ಬನ್ನಿ ಮರಗಳನ್ನು ಮುಟ್ಟದೆ ಸುತ್ತಿಕೊಂಡು ಹೋಗುತ್ತಿತ್ತು ಅಂತ ಕುರಿಗಾಹಿ ಹಿರಿಯರು ಹೇಳುತ್ತಿದ್ದರು. ಟ್ರ್ಯಾಕ್ಟರಿಗೆ ಆ ತಾಳ್ಮೆ ಇಲ್ಲ. ಕಿತ್ತ ಬುಡ ಮತ್ತೆ ಬೇರೂರುವಷ್ಟರಲ್ಲಿ ಬೇಸಿಗೆಯ ಗಾಳಿ ಮೇಲ್ಮಣ್ಣು ಹೊತ್ತೊಯ್ಯುತ್ತದೆ. ಸೌದೆಗೆ ಫೋಗ್ ಪೊದೆಯನ್ನು ಬೇರುಸಮೇತ ಅಗೆದ ಕಡೆಯೂ ಇದೇ ಕಥೆ.

ಬಳ್ಳಾರಿ ಜಾಲಿಯದು ಇನ್ನೊಂದು ತೊಡಕು. ಉಪಗ್ರಹಕ್ಕೆ ಅದು ವರ್ಷವಿಡೀ ಹಸಿರು, ಆದ್ದರಿಂದ ಅಪಾಯವಿಲ್ಲ ಅಂತ ಲೆಕ್ಕ ಹೇಳುತ್ತದೆ. ಆದರೆ ಈ ಉದ್ಯಾನ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ದೊಡ್ಡ ಆಸರೆ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದಲ್ಲಿ ಬೆರಳೆಣಿಕೆಯಷ್ಟು ಕಾಣುವ ಅದೇ ಹಕ್ಕಿ. ಅದಕ್ಕೆ ಬೇಕಿರುವುದು ಬಯಲು ಹುಲ್ಲು, ಜಾಲಿಯ ಪೊದೆಯಲ್ಲ. ಜಾಲಿ ಹಬ್ಬಿದ ಜಾಗವನ್ನು ನಾನು ಬೇರೆಯೇ ಬಣ್ಣದಲ್ಲಿ ಗುರುತಿಸಿದೆ. ಜೈಸಲ್ಮೇರ್ ಬಳಿಯ ಸಮ್‌ನಂಥ ಹಳೆಯ ಮರಳುದಿಬ್ಬಗಳನ್ನು ಲೆಕ್ಕದಿಂದ ತೆಗೆದೆ. ಅವು ಹುಟ್ಟಿನಿಂದಲೇ ಬೋಳು, ಅದು ರೋಗವಲ್ಲ.

ಕೊನೆಗೆ ಕೆಂಪಾಗಿ ಉಳಿದದ್ದು ಎರಡು ಬಗೆಯ ಜಾಗ. ಹುಲ್ಲುಗಾವಲಿಗೆ ಹೊಸದಾಗಿ ನೇಗಿಲು ನುಗ್ಗಿದ ಅಂಚುಗಳು, ಮತ್ತು ದನಕರು ತುಳಿದು ತುಳಿದು ಬೋಳಾದ ನೀರಿನ ತೊಟ್ಟಿಗಳ ಸುತ್ತಲಿನ ನೆಲ. ಮೊದಲು ತೊಟ್ಟಿಗಳನ್ನೇ ಹಿಡಿಯಿರಿ ಅಂದೆ. ನೀರು ಕೊಡುವ ಜಾಗವನ್ನು ಸರದಿಯ ಮೇಲೆ ಬದಲಿಸಿದರೆ ತುಳಿದ ನೆಲಕ್ಕೆ ಒಂದು ಮಳೆಗಾಲದ ಬಿಡುವು ಸಿಗುತ್ತದೆ. ಇದಕ್ಕೆ ಯಾರ ಹೊಲವನ್ನೂ ಬಿಡಿಸಬೇಕಿಲ್ಲ.